ಆಟಕ್ಕ ಆಡಿದ್ಯೋ, ಗೆಲ್ಲಾಕ ಆಡಿದ್ಯೋ

ನಮ್ಮ ಮನೆಯಲ್ಲಿ ಚೆಸ್ಸನ್ನು ಯಾರೂ ಆಟ ಎನ್ನುತ್ತಿರಲಿಲ್ಲ. ಅಪ್ಪ ಅದಕ್ಕೆ ಅಭ್ಯಾಸ ಎನ್ನುತ್ತಿದ್ದ. ಅವ್ವ ಅದರ ಹೆಸರನ್ನೇ ಎತ್ತುತ್ತಿರಲಿಲ್ಲ. ‘ಅದು ಮುಗೀತೇನ’ ಎಂದು ಅಡುಗೆಮನೆಯಿಂದ ಕೇಳುತ್ತಿದ್ದಳು, ಮನೆಯಲ್ಲಿ ಯಾರಿಗೋ ಬಂದ ಜ್ವರದ ಬಗ್ಗೆ ಕೇಳುವ ಹಾಗೆ. ಸಿಂಧನೂರಿನ ಕಾಲುವೆ ಇಲಾಖೆಯ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಪ್ಪ ಅಲ್ಲಿ ಗುಮಾಸ್ತ. ಮುಂದಿನ ಕೋಣೆಯ ಗೋಡೆಗೆ ಬುದ್ಧನ ಫೋಟೋ, ಅದರ ಕೆಳಗೆ ಕಬ್ಬಿಣದ ಟ್ರಂಕು, ಟ್ರಂಕಿನ ಮೇಲೆ ಬೋರ್ಡು. ಸುತ್ತಮುತ್ತ ರೈಸ್ ಮಿಲ್ಲುಗಳಿದ್ದುದರಿಂದ ಸುಗ್ಗಿಯ ದಿನಗಳಲ್ಲಿ ತೌಡಿನ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬಂದು ಕೂರುತ್ತಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆದವಳೇ ನಾನು ಬೋರ್ಡು ಒರೆಸಿ ಕಾಯಿ ಜೋಡಿಸಬೇಕು, ಚಹಾ ಆಮೇಲೆ. ಅಪ್ಪ ಸ್ನಾನ ಮುಗಿಸಿ ಲುಂಗಿ ಬನಿಯನ್ನಿನಲ್ಲಿ ಬಂದು ಎದುರು ಕೂರುತ್ತಿದ್ದ. ಅವನ ಎಡಕ್ಕೆ ರಾಯಚೂರಿನ ಹಳೇ ಪುಸ್ತಕದಂಗಡಿಯಿಂದ ತಂದ ದಪ್ಪ ಇಂಗ್ಲಿಷ್ ಪುಸ್ತಕ. ಬಲಕ್ಕೆ ಕಟ್ಟಿಗೆಯ ಫೂಟುಪಟ್ಟಿ.

ಸೋತದ್ದಕ್ಕೆ ಅಪ್ಪ ಹೊಡೆಯುತ್ತಿರಲಿಲ್ಲ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಅವನು ಹೊಡೆಯುತ್ತಿದ್ದುದು ಕಾರಣವಿಲ್ಲದ ನಡೆಗೆ. ನಾನು ಕಾಯಿ ಎತ್ತಿ ಇಟ್ಟ ಕೂಡಲೇ ಒಂದೇ ಮಾತು ಕೇಳುತ್ತಿದ್ದ.

“ಯಾಕ?”

ಉತ್ತರ ಇದ್ದರೆ ಸರಿ. ಅದು ತಪ್ಪು ಉತ್ತರವಾದರೂ ತಲೆಯಾಡಿಸಿ ತಿದ್ದುತ್ತಿದ್ದ, ಆ ಹೊತ್ತಿನಲ್ಲಿ ಅವನ ದನಿಯಲ್ಲಿ ಒಂಥರಾ ಮಮತೆಯೂ ಇರುತ್ತಿತ್ತು. ಉತ್ತರ ಇಲ್ಲದಿದ್ದರೆ ಪಟ್ಟಿಯ ಅಂಚು ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಕೈ ಹಿಂದಕ್ಕೆ ಎಳೆದುಕೊಂಡರೆ ಮತ್ತೊಂದು. ಒಮ್ಮೆ ಅವನ ರಾಜನಿಗೆ ಎಲ್ಲ ದಾರಿಯೂ ಮುಚ್ಚಿಹೋಗಿ ನಾನು ಗೆದ್ದುಬಿಟ್ಟೆ. ಹೇಗೆ ಗೆದ್ದೆ ಎಂದು ನನಗೇ ತಿಳಿದಿರಲಿಲ್ಲ. ಹುಚ್ಚಿಯ ಹಾಗೆ ಚಪ್ಪಾಳೆ ತಟ್ಟಿದೆ. ಅಪ್ಪ ಬೋರ್ಡು ನೋಡಿದ, ನನ್ನನ್ನು ನೋಡಿದ, “ಯಾಕ?” ಎಂದ. ಆವತ್ತು ಬಿದ್ದ ಏಟಿಗೆ ನಡುಬೆರಳಿನ ಉಗುರು ಕಪ್ಪಾಗಿ, ಕೆಲವು ದಿನ ನೇತಾಡಿ, ಶಾಲೆಯಲ್ಲಿ ಪಾಟಿಗೆ ಸಿಕ್ಕಿ ಕಿತ್ತುಬಂತು.

ಊಟಕ್ಕೆ ಕೂತಾಗ ಬೋರ್ಡು ಇರುತ್ತಿರಲಿಲ್ಲ, ಆದರೆ ಅಭ್ಯಾಸ ಇರುತ್ತಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಹಸಿ ಉಳ್ಳಾಗಡ್ಡಿ; ನಾನು ತುತ್ತು ಮುರಿಯುವಷ್ಟರಲ್ಲಿ ಅಪ್ಪ ಶುರು ಮಾಡುತ್ತಿದ್ದ. “ಬಿಳಿ ಒಂಟಿ ಸಿ ನಾಕರಾಗ ಐತಿ. ಈಗ ಬಿಳಿ ಕುದುರಿ ಜಿ ಐದಕ್ಕ ಬಂತು. ಎಲ್ಲಿಗೆ ಗುರಿ?” ನಾವು ಒಂಟೆ, ಕುದುರೆ, ವಜೀರ, ಪ್ಯಾದೆ ಎಂದೇ ಹೇಳುವವರು. ಎಫ್ ಏಳು ಎಂದು ನಾನು ಹೇಳಿದರೆ ಊಟ ಮುಂದುವರಿಯುತ್ತಿತ್ತು. ತಡವರಿಸಿದರೆ ತಟ್ಟೆ ಅವನ ಕಡೆಗೆ ಸರಿಯುತ್ತಿತ್ತು. ಒಮ್ಮೆ ತಡವರಿಸಿದ್ದಕ್ಕೆ ತಟ್ಟೆಯನ್ನು ಗೋಡೆಗೆ ಎಸೆದ, ಸಾರು ಬಳಿದ ಗೋಡೆಯನ್ನು ಅವ್ವ ಒಂದು ಮಾತೂ ಆಡದೆ ತೊಳೆದಳು. ಅವ್ವ ಯಾವಾಗಲೂ ಸುಮ್ಮನಿದ್ದವಳಲ್ಲ. ಒಂದು ಬೆಳಿಗ್ಗೆ ನನ್ನ ಕೈ ಬಾತದ್ದನ್ನು ನೋಡಿ, ಒಳಗಿನಿಂದ ಬಂದು, ಬೋರ್ಡಿನ ಮೇಲಿನ ಕರಿ ವಜೀರನನ್ನು ಎತ್ತಿಕೊಂಡು ಹೋಗಿ ಒಲೆಗೆ ಹಾಕಿದಳು. ಅಪ್ಪ ಹಿಂದೆಯೇ ಎದ್ದುಹೋದ. ನನಗೆ ಕಾಣಿಸಲಿಲ್ಲ, ಕೇಳಿಸಿತು. ಅವ್ವ ಹೊರಗೆ ಬಂದಾಗ ಹುಬ್ಬಿನ ಮೇಲೆ ಬಾಗಿಲ ಚೌಕಟ್ಟಿನ ಅಂಚು ಮೂಡಿತ್ತು, ರಕ್ತ ಕಣ್ಣಿನೊಳಗೆ ಇಳಿಯುತ್ತಿತ್ತು. ಸಂಜೆ ಆಫೀಸಿನಿಂದ ಬಂದ ಅಪ್ಪ ಬೇವಿನ ಟೊಂಗೆ ಕಡಿದು, ಕಟ್ಟೆಯ ಮೇಲೆ ಕೂತು, ಹೊಸ ವಜೀರನನ್ನು ಕೆತ್ತಿದ. ಬಹಳ ಜತನದಿಂದ ಕೆತ್ತಿದ. ಮರುದಿನ ಅಭ್ಯಾಸ ಎಂದಿನಂತೆ ನಡೆಯಿತು.

ಬೇಸಿಗೆ ರಜೆಗೆ ಅವ್ವ ನನ್ನನ್ನು ಕರೆದುಕೊಂಡು ತವರಿಗೆ, ಮಸ್ಕಿಗೆ, ಹೋಗುತ್ತಿದ್ದಳು. ಅಲ್ಲಿ ಅವಳ ತಮ್ಮ ಯಮನೂರ ಮಾಮ ಇದ್ದ. ಮಸ್ಕಿಯಿಂದ ಬಳಗಾನೂರಿಗೆ ಮೂರು ಗಾಲಿಯ ಟಂಟಂ ಓಡಿಸುತ್ತಿದ್ದ. ಬಸ್ ಸ್ಟ್ಯಾಂಡಿನ ಪಕ್ಕದ ಬೇವಿನ ಮರದ ಕೆಳಗೆ ಅವನ ಗಾಡಿ ನಿಲ್ಲುವ ಜಾಗ. ಮಧ್ಯಾಹ್ನ ಜನ ಕಡಿಮೆಯಾದಾಗ ಡ್ರೈವರುಗಳೆಲ್ಲ ಅಲ್ಲಿ ಚೆಸ್ ಆಡುತ್ತಿದ್ದರು. ಅದೂ ಚೆಸ್ಸೇ ಎಂದು ನಂಬಲು ನನಗೆ ಮೊದಲು ಕಷ್ಟವಾಯಿತು. ಬೋರ್ಡು ಪ್ಲೈವುಡ್ ತುಂಡಿನ ಮೇಲೆ ಪೇಂಟಿನಿಂದ ಬರೆದದ್ದು. ಕಳೆದುಹೋದ ಆನೆಯ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳ. ಆಡುವವರು ಇಬ್ಬರು, ನಡೆ ಹೇಳುವವರು ಮರದ ಕೆಳಗಿದ್ದವರೆಲ್ಲ. ಇಟ್ಟ ಕಾಯಿಯನ್ನು ವಾಪಸ್ಸು ತೆಗೆಯುತ್ತಿದ್ದರು, ಎದುರಿನವ ಬೀಡಿ ಹಚ್ಚಲು ತಲೆ ಬಗ್ಗಿಸಿದಾಗ ಅವನ ಪ್ಯಾದೆ ಕದಿಯುತ್ತಿದ್ದರು, ಸಿಕ್ಕಿಬಿದ್ದರೆ ಎಲ್ಲರಿಗೂ ಮಿರ್ಚಿಭಜಿ ಕೊಡಿಸುತ್ತಿದ್ದರು. ಸೋತವನನ್ನು ಎಷ್ಟು ಗೋಳು ಹೊಯ್ದುಕೊಳ್ಳುತ್ತಿದ್ದರೆಂದರೆ ಸೋತವನೇ ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದ.

ಮಾಮ ನನ್ನನ್ನು ಎದುರು ಕೂರಿಸಿಕೊಂಡ. ನಾನು ಅವನನ್ನು ಸೋಲಿಸಿದೆ. ಆಮೇಲೆ ಕೂತವನನ್ನೂ, ಅವನ ಆಮೇಲೆ ಕೂತವನನ್ನೂ ಸೋಲಿಸಿದೆ. ಮಂದಿಗೆ ಅದೊಂದು ತಮಾಷೆಯಾಯಿತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ನನ್ನೆದುರು ಕೂರಿಸಿದರು. ಎಲ್ಲರೂ ನಗುತ್ತಿದ್ದಾಗ ಮಾಮ ಒಬ್ಬನೇ ನಗುವುದನ್ನು ನಿಲ್ಲಿಸಿದ. ಅವನು ಬೋರ್ಡು ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದ. ಕಾಯಿ ಇಟ್ಟ ಕೂಡಲೇ ನಾನು ಕೈಯನ್ನು ಸರಕ್ಕನೆ ಎಳೆದುಕೊಂಡು ಎರಡೂ ತೊಡೆಗಳ ನಡುವೆ ಅಡಗಿಸಿಟ್ಟುಕೊಳ್ಳುತ್ತಿದ್ದೆನಂತೆ. ನನಗೆ ಗೊತ್ತೇ ಇರಲಿಲ್ಲ. ಸಂಜೆ ಮನೆಯಲ್ಲಿ ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ.

“ಅಕ್ಕಾ, ಹುಡುಗಿ ಕೈ ಏನಾಗ್ಯಾವ ಇವು?”

“ಆಟ ಕಲಸಾಕತ್ತಾರ ಅವರು,” ಎಂದಳು ಅವ್ವ.

“ಆಟಕ್ಕ ಯಾರರ ಹಿಂಗ ಬಡಿತಾರೇನ?”

ಅವ್ವ ಸೊಪ್ಪು ಸೋಸುತ್ತಿದ್ದಳು. ಹುಬ್ಬಿನ ಮೇಲಿನ ಕಲೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಇನ್ನೊಂದು ಕಟ್ಟು ಬಿಚ್ಚಿದಳು.

ರಜೆ ಮುಗಿದು ನಮ್ಮನ್ನು ಕರೆದುಕೊಂಡು ಹೋಗಲು ಅಪ್ಪ ಬಂದಾಗ ಮಾಮ ಅವನನ್ನು ಉಣ್ಣಲು ಕೂರಿಸಿ, ಉಂಡಾದ ಮೇಲೆ ಮಾತು ತೆಗೆದ. ತನ್ನ ಅಕ್ಕನ ಗಂಡನ ಮೇಲೆ ಅವನಿಗೆ ಗೌರವವಿತ್ತು. ಅಪ್ಪನ ಊರು, ಅವ್ವನ ಊರು ಎರಡರ ಕೇರಿಯಲ್ಲೂ ಸರ್ಕಾರಿ ನೌಕರಿ ಹಿಡಿದ ಮೊದಲಿಗ ಅಪ್ಪ.

“ಭಾವಾ, ತಪ್ಪು ತಿಳೀಬ್ಯಾಡ್ರಿ. ಅದು ಕೂಸು. ನಕ್ಕೊಂತ ಆಡ್ಲಿ ಬಿಡ್ರಿ. ನಾವು ಗಿಡದ ಬುಡಕ ಕುಂತು ಆಡಂಗಿಲ್ಲೇನ್ರಿ, ನಮಗೇನಾಗೇತಿ?”

“ನಿಮಗೇನಾಗೇತಿ ಅಂದ್ರ, ಒಂದು ಸಣ್ಣ ಹುಡುಗಿ ಮುಂದ ಎಲ್ಲಾರೂ ಸೋತೀರಿ,” ಎಂದ ಅಪ್ಪ.

“ಸೋತ್ರ ಸೋತ್ವಿ. ಆಟ ಅದು.”

ಆಗ ಅಪ್ಪ ಒಂದು ಕತೆ ಹೇಳಿದ. ನನ್ನೆದುರು ಅದನ್ನು ಹೇಳಿದ್ದು ಅದೇ ಮೊದಲು, ಅದೇ ಕೊನೆ. ಗುರುಗುಂಟಾ ಕಡೆಯ ಅವನ ಹಳ್ಳಿಯಲ್ಲಿ ದೊಡ್ಡ ಮನೆಯವರ ಕಟ್ಟೆಯ ಮೇಲೆ ಮಧ್ಯಾಹ್ನ ಶತರಂಜ್ ನಡೆಯುತ್ತಿತ್ತಂತೆ. ದನಕ್ಕೆ ಮೇವು ಹಾಕಲು ಹೋಗುತ್ತಿದ್ದ ಅಪ್ಪ ಕಟ್ಟೆಯ ಕೆಳಗೆ ನಿಂತು ನೋಡಿ ನೋಡಿ ಕಲಿತಿದ್ದ. ಒಂದು ದಿನ ಬಾಯಿ ತಡೆಯದೆ ನಡೆಯೊಂದನ್ನು ಕೂಗಿ ಹೇಳಿಬಿಟ್ಟ. ಮೇಲಿದ್ದವರು ನಕ್ಕು, ನೀನೇ ಆಡು ನೋಡೋಣ ಎಂದರು. ಕಾಯಿ ಮುಟ್ಟುವಂತಿಲ್ಲ, ಕಟ್ಟೆ ಹತ್ತುವಂತಿಲ್ಲ. ಕೆಳಗೆ ನಿಂತು ಹೇಳಬೇಕು, ಅವರ ಪೈಕಿ ಒಬ್ಬ ಕಾಯಿ ಸರಿಸುತ್ತಾನೆ. ಮೊದಲ ಆಟ ಅಪ್ಪ ಗೆದ್ದ. ಎಲ್ಲರೂ ನಕ್ಕು ಶಾಭಾಸ್ ಎಂದರು, ತಿನ್ನಲು ಬೆಲ್ಲ ಎಸೆದರು. ಎರಡನೆಯದನ್ನೂ ಗೆದ್ದಾಗ ಯಾರೂ ನಗಲಿಲ್ಲ. ಸಂಜೆ ಹೊಲದ ದಾರಿಯಲ್ಲಿ ಆ ಮನೆಯ ಹುಡುಗರು ಅವನನ್ನು ಹಿಡಿದು ಬಾರಕೋಲಿನಿಂದ ಬಡಿದರು.

“ಬಡಿಯೋ ಮುಂದ ಏನ್ ಕೇಳಿದ್ರು ಗೊತ್ತೇನ? ‘ಆಟಕ್ಕ ಆಡಿದ್ಯೋ, ಗೆಲ್ಲಾಕ ಆಡಿದ್ಯೋ’ ಅಂತ. ಆಟಕ್ಕ ಅಂದ್ರ ಬಿಡ್ತಿದ್ರೇನೋ. ನಾ ಅನ್ನಲಿಲ್ಲ.” ಅಪ್ಪ ಎದ್ದು ಕೈ ತೊಳೆದುಕೊಂಡ. “ಯಮನೂರ, ನೀವು ಗಿಡದ ಬುಡಕ ಆಡೋದು ಸೋತ್ರೂ ನಡೀತೈತಿ. ನನ್ನ ಮಗಳು ಮುಂದ ಯಾರ ಮುಂದ ಕುಂದರ್ತಾಳೋ, ಅವರ ಮುಂದ ಸೋಲಬಾರ್ದು.”

ನಾವು ಸಿಂಧನೂರಿನ ಬಸ್ಸು ಹತ್ತಿದೆವು. ಅಪ್ಪನ ಬೆನ್ನ ಮೇಲೆ ಅಡ್ಡಡ್ಡ ಗೆರೆಗಳಿದ್ದವು. ಚಿಕ್ಕಂದಿನಿಂದ ನೋಡಿದ್ದೆ, ಎಲ್ಲ ಗಂಡಸರ ಬೆನ್ನೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ.

ನಾನು ಏಳನೆಯ ತರಗತಿಯಲ್ಲಿದ್ದಾಗ ಲಿಂಗಸುಗೂರಿನಲ್ಲಿ ಮಕ್ಕಳ ಪಂದ್ಯ ನಡೆಯಿತು. ಒಂದು ಕಲ್ಯಾಣ ಮಂಟಪದಲ್ಲಿ ಸಾಲಾಗಿ ಮೇಜು ಹಾಕಿದ್ದರು. ಹಿಂದಿನ ದಿನದ ಮದುವೆಯ ಹೂವು ಇನ್ನೂ ಕಂಬಗಳಲ್ಲಿ ನೇತಾಡುತ್ತಿತ್ತು. ಬೆಳಗಿನಿಂದ ನಾನು ಒಂದೂ ಸೋಲದೆ ಕೊನೆಯ ಆಟಕ್ಕೆ ಬಂದೆ. ಎದುರು ಕೂತ ಹುಡುಗ ಪೆಪ್ಪರಮಿಂಟು ಚೀಪುತ್ತ, ಕಾಲು ಆಡಿಸುತ್ತ, ನನ್ನ ನಡೆ ಚೆನ್ನಾಗಿದ್ದರೆ ‘ಭಾರಿ ಐತಲ’ ಎನ್ನುತ್ತ ಆಡುತ್ತಿದ್ದ. ಅವನ ಅಪ್ಪ ಅಮ್ಮ ದೂರದಲ್ಲಿ ಕೂತು ಯಾರ ಜೊತೆಗೋ ಹರಟುತ್ತಿದ್ದರು. ಆಟದ ನಡುವೆ ನನಗೊಂದು ನಡೆ ಕಂಡಿತು. ನನ್ನ ಕುದುರೆಯನ್ನು ಅವನ ರಾಜನ ಬಾಗಿಲಿಗೇ ಹಾರಿಸಿ, ಪ್ಯಾದೆ ಹೊಡೆದು, ಕುದುರೆಯನ್ನು ಬಿಟ್ಟುಕೊಡುವುದು. ಆಮೇಲೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ, ಅರ್ಧ ದಾರಿಯಲ್ಲಿ ಮಂಜು ಕವಿಯಿತು. ಪುಸ್ತಕದ ಪ್ರಕಾರ ಸಾದಾ ನಡೆ ಇತ್ತು, ನಿಧಾನಕ್ಕೆ ಗೆಲ್ಲಬಹುದಿತ್ತು. ಆದರೆ ಆ ಕುದುರೆ ಅಲ್ಲಿ ಹೋಗಿ ನಿಂತರೆ ಇಡೀ ಬೋರ್ಡು ಬೆಂಕಿ ಹತ್ತಿದ ಹಾಗೆ ಕಾಣುತ್ತದೆ ಎನ್ನಿಸಿತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಮೈಯಲ್ಲಿ ಸಂತೋಷದಂಥದ್ದೊಂದು ಎದ್ದಿತು. ಕುದುರೆ ಹಾರಿಸಿದೆ. ಹುಡುಗ ಚೀಪುವುದನ್ನು ನಿಲ್ಲಿಸಿದ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಆಮೇಲೆ ಅವನ ರಾಜ ಒಂದೊಂದೇ ಮನೆ ನಡೆದು ಬಚಾವಾದ, ನಾನು ಸೋತೆ.

ಬಸ್ ಸ್ಟ್ಯಾಂಡಿನವರೆಗೂ ಅಪ್ಪ ಏನೂ ಕೇಳಲಿಲ್ಲ. ನನಗೆ ಬಾಳೆಹಣ್ಣು ಕೊಡಿಸಿದ. ಸಿಂಧನೂರಿನ ಬಸ್ಸು ನಿಲ್ಲುವ ಕಡೆ ನಿಂತಾಗ ಕೇಳಿದ.

“ಆ ಕುದುರಿ ಯಾಕ ಕೊಟ್ಟಿ?”

ಸುಳ್ಳು ಹೇಳಬಹುದಿತ್ತು. ಕಾರಣಗಳನ್ನು ಕಟ್ಟುವುದು ನನಗೆ ಅಷ್ಟೊತ್ತಿಗೆ ಚೆನ್ನಾಗಿ ಬರುತ್ತಿತ್ತು. ಆದರೆ ಆ ಸಂತೋಷ ಇನ್ನೂ ಮೈಯಲ್ಲಿತ್ತು.

“ಚಂದ ಕಂಡ್ತಪಾ,” ಎಂದೆ.

ಅಂಗೈ ಬಂದದ್ದು ಕಾಣಲಿಲ್ಲ. ಎಡಗಿವಿಯೊಳಗೆ ಏನೋ ಒಡೆದ ಸದ್ದಾಯಿತು, ಆಮೇಲೆ ಆ ಕಡೆಯ ಜಗತ್ತೇ ನಿಂತುಹೋಯಿತು. ನೆಲದ ಮೇಲಿದ್ದೆ. ಅಪ್ಪ ಬಗ್ಗಿ ನನ್ನ ಜಡೆ ಹಿಡಿದು ಎತ್ತಿ ಮತ್ತೆ ಹೊಡೆದ, ಅವನ ಬಾಯಿ ಆಡುತ್ತಿತ್ತು, ‘ಚಂದ’ ಎಂಬ ಒಂದು ಮಾತು ಮಾತ್ರ ನೀರಿನೊಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಸೇಂಗಾ ಮಾರುವ ಹೆಂಗಸೊಬ್ಬಳು ಬುಟ್ಟಿ ಬಿಟ್ಟು ಓಡಿಬಂದು ನನ್ನ ಮೇಲೆ ಬಿದ್ದಳು. ಒಂದು ಏಟು ಅವಳ ಬೆನ್ನಿಗೂ ಬಿತ್ತು. ಆಗ ಅಪ್ಪ ನಿಂತ. ತನ್ನ ಕೈಯನ್ನು ತಾನೇ ನೋಡಿಕೊಂಡ. ಅಷ್ಟರಲ್ಲಿ ಬಸ್ಸು ಬಂತು. ನಾವು ಹತ್ತಿದೆವು, ಬೇರೆ ಏನು ಮಾಡುವುದೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ಕಿವಿಯಿಂದ ಇಳಿದ ರಕ್ತ ಫ್ರಾಕಿನ ಕಾಲರಿನಲ್ಲಿ ಒಣಗಿ ಕುತ್ತಿಗೆಗೆ ಅಂಟಿಕೊಂಡಿತ್ತು. ಮಸ್ಕಿ ಬಂದಾಗ ಕಿಟಕಿಯಿಂದ ಬೇವಿನ ಮರ ಕಂಡಿತು, ಟಂಟಂಗಳು ಕಂಡವು. ನಾನು ಎದ್ದು ಇಳಿದುಬಿಟ್ಟೆ. ಅಪ್ಪ ಹಿಂದಿನಿಂದ ‘ಸುಜಾತಾ’ ಎಂದು ಕರೆದದ್ದು ಬಲಗಿವಿಗೆ ಕೇಳಿಸಿತು, ನಿಲ್ಲಲಿಲ್ಲ. ಮಾಮ ಗಾಡಿಯ ಗಾಜು ಒರೆಸುತ್ತಿದ್ದ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಕಿವಿ ನೋಡಿದ. ನನ್ನನ್ನು ಗಾಡಿಯ ಸೀಟಿನ ಮೇಲೆ ಕೂರಿಸಿ, ಸೀಟಿನ ಕೆಳಗಿನಿಂದ ಜಾಕಿಯ ಕಬ್ಬಿಣದ ರಾಡು ತೆಗೆದುಕೊಂಡ.

ಅಪ್ಪ ಬಸ್ಸಿನಿಂದ ಇಳಿದು ಬರುತ್ತಿದ್ದ. ಮೊದಲ ಏಟು ಮೊಣಕಾಲಿಗೆ ಬಿತ್ತು, ಅಪ್ಪ ಕುಸಿದ. ಎರಡನೆಯದು ಭುಜಕ್ಕೆ. ಆಮೇಲೆ ಮಾಮ ರಾಡು ಬಿಸಾಕಿ ಕೈಯಿಂದ, ಕಾಲಿಂದ ಹೊಡೆದ. ಕನ್ನಡಕ ಒಡೆಯಿತು, ತುಟಿ ಸೀಳಿತು, ಒಂದು ಹಲ್ಲು ಮಣ್ಣಿನಲ್ಲಿ ಬಿತ್ತು. ಎಂದೂ ಏಕವಚನದಲ್ಲಿ ಮಾತಾಡಿಸದಿದ್ದ ಭಾವನಿಗೆ ಮಾಮ ಹೇಳುತ್ತಿದ್ದ.

“ಯಾಕಲೇ? ಹೇಳಲೇ, ಯಾಕ ಹೊಡದಿ? ಹೇಳ ನೀನು.”

ಮೊದಲು ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಒಂದೊಂದು ಏಟಿಗೂ ನನ್ನ ಹಲ್ಲು ಸಿಹಿಯಾಗುತ್ತಿತ್ತು. ಆಮೇಲೆ ಅಪ್ಪ ಮಲಗಿದ ರೀತಿ ನೋಡಿದೆ. ಅವನು ಒಂದು ಏಟನ್ನೂ ವಾಪಸ್ಸು ಕೊಡಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. ಮಗ್ಗುಲಿಗೆ ಹೊರಳಿ, ಮೊಣಕಾಲನ್ನು ಹೊಟ್ಟೆಗೆ ಒತ್ತಿ, ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು, ಬೆನ್ನನ್ನು ಮಾತ್ರ ಹೊರಗೆ ಬಿಟ್ಟು ಬಿದ್ದಿದ್ದ. ಹೊಡೆಸಿಕೊಳ್ಳುವುದನ್ನು ಬಹಳ ಹಿಂದೆಯೇ ಕಲಿತವನು ಹಾಗೆ ಬೀಳುತ್ತಾನೆ. ಏಟು ಎಲ್ಲಿ ಬಿದ್ದರೆ ಸಾಯುವುದಿಲ್ಲ ಎಂದು ಬಲ್ಲವನು. ನಾನು ಗಾಡಿಯಿಂದ ಇಳಿದು ಮಾಮನ ಅಂಗಿ ಹಿಡಿದು ಎಳೆದೆ. ಅವನಿಗೆ ತಿಳಿಯಲಿಲ್ಲ, ಮೊಣಕೈ ನನ್ನ ಎದೆಗೆ ಬಡಿಯಿತು. ಮತ್ತೆ ಎಳೆದೆ. ಕೊನೆಗೆ ಬೇರೆ ಡ್ರೈವರುಗಳು ಅವನನ್ನು ಅಪ್ಪಿ ಹಿಡಿದರು.

ಯಾರೋ ಫೋನು ಮಾಡಿ ಅವ್ವನನ್ನು ಕರೆಸಿದರು. ಅವಳು ಬರುವಷ್ಟರಲ್ಲಿ ಡಾಕ್ಟರು ನನ್ನ ಕಿವಿಗೆ ಹತ್ತಿ ಇಟ್ಟು, ಪರದೆ ಹರಿದಿದೆ, ಕೂಡಿಕೊಂಡರೂ ಪೂರ್ತಿ ಕೇಳಿಸುವುದು ಕಷ್ಟ ಎಂದಿದ್ದರು. ಅಪ್ಪ ಮಾಮನ ಮನೆಯ ಕಟ್ಟೆಯ ಮೇಲೆ ಬಾಯಿಗೆ ಟವೆಲ್ ಒತ್ತಿ ಕೂತಿದ್ದ. ಎಲ್ಲಿಗೂ ಹೋಗಿರಲಿಲ್ಲ. ಅವ್ವ ಮೊದಲು ನನ್ನನ್ನು ನೋಡಿದಳು, ಆಮೇಲೆ ಅವನನ್ನು. ಅವಳು ಅಳುತ್ತಾಳೆ, ಮಾಮನಿಗೆ ಕೈ ಮುಗಿಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಮೊದಲು ಮಾತಾಡಿದ್ದು ತಮ್ಮನ ಜೊತೆಗೇ.

“ಯಮನೂರ, ನನ್ನ ಮಗಳ ಸಲುವಾಗಿ ಹೊಡದೆ ಅಂತ ಎಲ್ಲೂ ಹೇಳ್ಬ್ಯಾಡ. ನಿನಗ ಸಿಟ್ಟು ಬಂದಿತ್ತು, ಹೊಡದಿ. ಅವರಿಗೂ ಸಿಟ್ಟು ಬರ್ತೈತಿ, ಹೊಡಿತಾರ. ಅದನ್ನೆಲ್ಲಾ ನೋಡಕೊಂತ ನಿಂತಾಕಿ ಕೂಸು.”

ಮಾಮ ತಲೆ ತಗ್ಗಿಸಿದ. ಅವ್ವ ಕಟ್ಟೆಯ ಮುಂದೆ ಹೋಗಿ ನಿಂತಳು.

“ನಾನೂ ನನ್ನ ಮಗಳೂ ಇಲ್ಲೇ ಇರ್ತೀವ್ರಿ. ನೀವು ಊರಿಗೆ ಹೋಗ್ರಿ.”

“ಎಷ್ಟು ದಿನ?” ಎಂದ ಅಪ್ಪ. ಹಲ್ಲಿಲ್ಲದ ಜಾಗದಿಂದ ಮಾತು ಗಾಳಿಯಾಗಿ ಬಂತು.

“ನಿಮ್ಮ ಕೈಯ್ಯಿಗೆ ಕೇಳ್ರಿ.”

ಹಾಗೆ ನಾವು ಮಸ್ಕಿಯವರಾದೆವು. ಅವ್ವ ಹೊಲಿಗೆ ಮಷಿನ್ ಇಟ್ಟುಕೊಂಡಳು, ನಾನು ಅಲ್ಲಿನ ಶಾಲೆಗೆ ಸೇರಿದೆ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ಹೋಗಿ ಕೂರುತ್ತಿದ್ದೆ. ಯಾರೂ ಏನೂ ಕೇಳುತ್ತಿರಲಿಲ್ಲ. ಬೇಕೆಂದೇ ಹುಚ್ಚು ನಡೆ ಆಡಿದೆ, ಸೋತೆ, ಕಾಯಿ ಕದಿಯುವುದನ್ನು ಕಲಿತೆ, ಸಿಕ್ಕಿಬಿದ್ದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾಯಿ ಇಟ್ಟ ಕೈ ಬೋರ್ಡಿನ ಪಕ್ಕದಲ್ಲೇ ನಿಲ್ಲುವುದನ್ನು ನಿಧಾನಕ್ಕೆ ಕಲಿಯಿತು. ಆ ಮಂದಿ ನನಗೆ ಕೊಟ್ಟದ್ದು ಸಣ್ಣದಲ್ಲ. ಸೋತು ಎದ್ದು, ಗೆದ್ದವನ ಪಕ್ಕದಲ್ಲೇ ಕೂತು ಚಹಾ ಕುಡಿಯಬಹುದು ಎಂದು ನನಗೆ ತೋರಿಸಿದವರು ಅವರೇ.

ಆದರೆ ಕೆಲವು ತಿಂಗಳಾದ ಮೇಲೆ ನನಗೆ ಒಂಥರಾ ಹಸಿವೆ ಶುರುವಾಯಿತು. ಮರದ ಕೆಳಗಿನ ಆಟ ದಿನವೂ ಅದೇ ಆಟ. ನಿನ್ನೆ ಮಾಡಿದ ತಪ್ಪನ್ನೇ ಇವತ್ತೂ ಮಾಡುತ್ತಾರೆ, ನಿನ್ನೆ ನಕ್ಕ ನಗುವನ್ನೇ ಇವತ್ತೂ ನಗುತ್ತಾರೆ. ಒಂದು ದಿನ ಎಲ್ಲರೂ ಎದ್ದು ಹೋದ ಮೇಲೆ ನಾನೊಬ್ಬಳೇ ಕೂತು, ಲಿಂಗಸುಗೂರಿನ ಆ ಆಟವನ್ನು ಮೊದಲಿನಿಂದ ಜೋಡಿಸಿದೆ. ಕುದುರೆ ಹಾರಿದಾಗ ನಿಜವಾಗಿ ಏನಾಗುತ್ತಿತ್ತು? ಮಂಜು ಕವಿದ ಆ ಅರ್ಧ ದಾರಿಯಲ್ಲಿ ಏನಿತ್ತು? ಹೊತ್ತು ಹೋದದ್ದು ತಿಳಿಯಲಿಲ್ಲ. ಯಾರ ಹೆದರಿಕೆಯೂ ಇಲ್ಲದೆ ನಾನೇ ನನ್ನನ್ನು ‘ಯಾಕ’ ಎಂದು ಕೇಳಿಕೊಳ್ಳುತ್ತಿದ್ದೆ, ಆ ಪ್ರಶ್ನೆ ರುಚಿಯಾಗಿತ್ತು. ಅಪ್ಪ ನನಗೆ ಕಲಿಸಲು ಹೊರಟದ್ದು ಇದನ್ನೇ ಎಂದು ಆವತ್ತು ಅರ್ಥವಾಯಿತು. ಇದನ್ನು ಕಲಿಸಲು ಒಂದೇ ಒಂದು ಏಟೂ ಬೇಕಿರಲಿಲ್ಲ ಎಂಬುದೂ ಅದೇ ಹೊತ್ತಿಗೆ ಅರ್ಥವಾಯಿತು. ಸಿಟ್ಟಿನಿಂದ ಪ್ಲೈವುಡ್ ಬೋರ್ಡನ್ನು ಎತ್ತಿ ಮರದ ಬೊಡ್ಡೆಗೆ ಬಡಿದೆ, ಅದು ಎರಡು ತುಂಡಾಯಿತು. ಮಾರನೇ ದಿನ ಡ್ರೈವರುಗಳು ಮೊಳೆ ಹೊಡೆದು ಜೋಡಿಸಿಕೊಂಡರು.

ನನಗೆ ಪುಸ್ತಕ ಬೇಕು ಎಂದು ಅವ್ವನಿಗೆ ಹೇಳಿದೆ. ಅವಳು ಬಹಳ ಹೊತ್ತು ಮಷಿನ್ ತುಳಿದು, ಆಮೇಲೆ ಫೋನು ಹಚ್ಚಿದಳು. ಬಂದ ಭಾನುವಾರ ಅಪ್ಪ ಪುಸ್ತಕ ಹಿಡಿದು ಬಂದ. ಹೊಸ್ತಿಲ ಹೊರಗೇ ನಿಂತ. ಅವ್ವ ಹೇಳಿದಳು.

“ಬರ್ರಿ. ಕಲಸ್ರಿ. ಎರಡೂ ಕೈ ತೊಡಿ ಬುಡಕ ಇಟಗೊಂಡು ಕುಂದರ್ಬೇಕು. ಕಾಯಿ ಆಕೀನ ಸರಸ್ತಾಳ.”

ಅಪ್ಪನ ಮುಖ ಕಪ್ಪಾಯಿತು. ಕಾಯಿ ಮುಟ್ಟದೆ ಬಾಯಲ್ಲೇ ನಡೆ ಹೇಳುವುದು ಅವನಿಗೆ ಏನನ್ನು ನೆನಪಿಸಿತೆಂದು ಅವ್ವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅವಳು ಮಾತು ಬದಲಿಸಲಿಲ್ಲ. ಅವನು ಒಳಗೆ ಬಂದು, ಕೂತು, ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಅವ್ವ ಎದುರಿಗೆ ಈಳಿಗೆ ಹಾಕಿಕೊಂಡು ಬದನೆಕಾಯಿ ಹೆಚ್ಚಲು ಕೂತಳು. ನಾನು ಆಟ ಶುರು ಮಾಡಿದೆ. ಒಂದು ಕಡೆ ನಾನು ಕಾರಣವಿಲ್ಲದೆ ಆನೆ ಸರಿಸಿದಾಗ ಅವನ ಬಲಗೈ ತಾನಾಗಿ ಹೊರಗೆ ಬಂತು. ಅವ್ವ ಈಳಿಗೆಯಿಂದ ಎದ್ದು ನಿಂತಳು. ಕೈ ಗಾಳಿಯಲ್ಲಿ ನಿಂತಿತು. ಅಪ್ಪ ಅದನ್ನು ತಿರುಗಿಸಿ ಪಕ್ಕದ ಗೋಡೆಗೆ ಗುದ್ದಿದ. ಮತ್ತೆ ಗುದ್ದಿದ. ಗೆಣ್ಣುಗಳು ಒಡೆದು ಸುಣ್ಣದ ಮೇಲೆ ರಕ್ತ ಮೂಡಿತು. ಎದ್ದು, ಚಪ್ಪಲಿ ಮೆಟ್ಟಿ, ಹೊರಟುಹೋದ. ಇನ್ನು ಬರುವುದಿಲ್ಲ ಎಂದುಕೊಂಡೆವು. ಮುಂದಿನ ವಾರ ಕೈಗೆ ಪಟ್ಟಿ ಸುತ್ತಿಕೊಂಡು ಬಂದ. ಬಂದವನೇ ಕೂತು ಎರಡೂ ಕೈಗಳನ್ನು ಒಳಗೆ ಇಟ್ಟ.

ನಾನೀಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಶಾಲೆ ಮುಗಿದ ಮೇಲೆ ಮಕ್ಕಳಿಗೆ ಚೆಸ್ಸನ್ನೂ ಕಲಿಸುತ್ತೇನೆ. ‘ಟೀಚರ್, ಇವತ್ತು ಸುಮ್ನ ಆಡ್ತೀವ್ರಿ’ ಎಂದು ಬರುವವರೂ ಇದ್ದಾರೆ, ಪುಸ್ತಕ ಕೇಳಿಕೊಂಡು ಬರುವವರೂ ಇದ್ದಾರೆ. ನಾನು ಯಾರನ್ನೂ ಎಳೆಯುವುದಿಲ್ಲ. ಮಗುವನ್ನು ಗದರುವ ಅಪ್ಪಂದಿರು ಬಂದರೆ ಮಾತ್ರ ಬಾಗಿಲ ಹೊರಗೆ ನಿಲ್ಲಿಸುತ್ತೇನೆ. ಅಪ್ಪ ಕ್ಷಮೆ ಕೇಳಿದನೇ ಎಂದು ಈ ಕತೆ ಗೊತ್ತಿದ್ದವರು ಕೇಳುತ್ತಾರೆ. ಕೇಳಲಿಲ್ಲ. ನನ್ನ ಮೇಲೂ ಅವ್ವನ ಮೇಲೂ ಮತ್ತೆ ಕೈ ಎತ್ತಲಿಲ್ಲ, ಅಷ್ಟೇ. ತಟ್ಟೆಗಳು ಆಮೇಲೂ ಗೋಡೆಗೆ ಬಿದ್ದಿವೆ.

ನಾನು ಸೋತ ಮರುವರ್ಷವೇ ಲಿಂಗಸುಗೂರಿನಲ್ಲಿ ಮತ್ತೆ ಪಂದ್ಯವಾಗಿತ್ತು. ಅವ್ವ ನನ್ನ ಜೊತೆಗೆ ಬಂದಳು. ಅಪ್ಪ ಸಿಂಧನೂರಿನಿಂದ ತಾನೇ ಬಂದಿದ್ದ, ಆದರೆ ಅವ್ವ ಅವನನ್ನು ಗೇಟಿನ ಒಳಗೆ ಬಿಡಲಿಲ್ಲ. ಬಿಸಿಲಿನಲ್ಲಿ ಹೊರಗೇ ನಿಂತಿದ್ದ. ಕೊನೆಯ ಆಟದಲ್ಲಿ ನಾನು ಮತ್ತೆ ಕುದುರೆ ಬಿಟ್ಟುಕೊಟ್ಟೆ. ಈ ಸಲ ದಾರಿ ಕೊನೆಯವರೆಗೂ ಕಂಡಿತ್ತು. ಗೆದ್ದು ಹೊರಗೆ ಬಂದಾಗ ಅವನು ಏನೂ ಕೇಳಲಿಲ್ಲ, ಕೇಳಬಾರದೆಂದು ತುಟಿ ಕಚ್ಚಿಕೊಂಡಿದ್ದ. ಬಸ್ಸಿನಲ್ಲಿ ನಾನೇ ಶುರು ಮಾಡಿದೆ. ಸೀಟಿನ ಮೇಲೆ ಬೆರಳಿನಿಂದ ಗೆರೆ ಎಳೆದು, ಒಂದೊಂದೇ ನಡೆ ಹೇಳಿದೆ. ಕುದುರೆ ಬಿಟ್ಟ ಜಾಗಕ್ಕೆ ಬರುವಷ್ಟರಲ್ಲಿ ಮಸ್ಕಿ ಬಂತು. ನಾನೂ ಅವ್ವನೂ ಇಳಿದೆವು. ಅಪ್ಪ ಸಿಂಧನೂರಿಗೆ ಹೋಗಬೇಕು, ಬಸ್ಸಿನಲ್ಲೇ ಉಳಿದ. ಬಸ್ಸು ಹೊರಟಾಗ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಏನೋ ಕೂಗಿದ. ನನ್ನ ಎಡಗಡೆಯಿಂದ ಕೂಗಿದ್ದರಿಂದ ನನಗೆ ಕೇಳಿಸಲಿಲ್ಲ. ಅವ್ವನನ್ನು ಕೇಳಿದೆ.

“ಆ ಕುದುರಿ ನಡಿ ಅವರಿಗೆ ತಿಳೀಲಿಲ್ಲಂತ,” ಎಂದಳು ಅವ್ವ. “ಬರೋ ಐತಾರ ಬರ್ತಾರಂತ. ನೀ ಕಲಸಬೇಕಂತ.”